ಗುಬ್ಬಿಯ ಲೆಕ್ಕ

1908ರ ಮುಂಬಯಿ. ಖೇತವಾಡಿಯ ದೊಡ್ಡದೊಂದು ಕೂಡು ಕುಟುಂಬದಲ್ಲಿ ಹನ್ನೆರಡರ ಆಸುಪಾಸಿನ ಹುಡುಗನೊಬ್ಬನಿದ್ದ. ಹೆತ್ತವರಿಬ್ಬರನ್ನೂ ತೀರ ಎಳವೆಯಲ್ಲೇ ಕಳೆದುಕೊಂಡಿದ್ದ ಅವನನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಸಾಕುತ್ತಿದ್ದರು. ಹುಡುಗನ ಕೈಯಲ್ಲಿ ಒಂದು ಏರ್‌ಗನ್. ಗುಬ್ಬಿ ಹೊಡೆಯುವುದು, ಜೀವವಿರುವಾಗಲೇ ಬಿಸ್ಮಿಲ್ಲಾ ಹೇಳಿ ಕೊಯ್ದು ಅಡುಗೆಮನೆಗೆ ಕೊಡುವುದು ಆ ಕಾಲದ ಮಕ್ಕಳಿಗೆ ಆಟವೂ ಹೌದು, ಬಾಯಿರುಚಿಯೂ ಹೌದು. ಒಂದು ದಿನ ಬಿದ್ದ ಗುಬ್ಬಿಯ ಕತ್ತಿನಲ್ಲಿ ಸಾರು ಚೆಲ್ಲಿದಂತೆ ಹಳದಿ ಮಚ್ಚೆಯೊಂದು ಕಾಣಿಸಿತು. ಇದು ನಾವು ತಿನ್ನುವ ಗುಬ್ಬಿಯೇ, ಬೇರೆ ಯಾವುದೋ ಹಕ್ಕಿಯೇ? ತಿನ್ನಬಹುದೇ, ಬಾರದೇ? ಹುಡುಗನಿಗೆ ಅನುಮಾನ ಬಂತು. ಮಾವನ ಬಳಿ ಒಯ್ದ. ಮಾವನಿಗೂ ತಿಳಿಯಲಿಲ್ಲ. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. ಅಲ್ಲಿನ ಗೌರವ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲರ್ಡ್ ಅವರಿಗೆ ಚೀಟಿ ಬರೆದು ಹುಡುಗನನ್ನು ಕಳಿಸಿಕೊಟ್ಟರು.

ಆ ಹುಡುಗನೇ ಸಲೀಂ ಅಲಿ. ಮುಂದಿನ ಕಥೆ ನಮ್ಮ ಶಾಲಾ ಪುಸ್ತಕಗಳಲ್ಲಿದೆ. ಮಿಲ್ಲರ್ಡ್ ಸಾಹೇಬರು ಅದನ್ನು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿದರು, ಹಕ್ಕಿಗಳನ್ನಿಟ್ಟಿದ್ದ ಪೆಟ್ಟಿಗೆಗಳ ಖಾನೆಗಳನ್ನು ಒಂದೊಂದಾಗಿ ಎಳೆದು ತೋರಿಸಿದರು, ಹುಡುಗನ ಬದುಕಿನ ದಾರಿಯೇ ಬದಲಾಯಿತು. ಆದರೆ ಆ ಖಾನೆಗಳೊಳಗೆ ಏನಿತ್ತು ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಅಲ್ಲಿದ್ದುದು ಸತ್ತ ಹಕ್ಕಿಗಳು. ಕಣ್ಣಿನ ಜಾಗದಲ್ಲಿ ಬಿಳಿ ಹತ್ತಿ, ಹೊಟ್ಟೆಯೊಳಗೆ ಹತ್ತಿ, ಕಾಲಿಗೆ ಕಟ್ಟಿದ ಚೀಟಿ. ಭಾರತದ ಅತಿ ದೊಡ್ಡ ಹಕ್ಕಿಪ್ರೇಮಿ ಎಂದು ನಾವು ಕೊಂಡಾಡುವ ಮನುಷ್ಯ ಹಕ್ಕಿಶಾಸ್ತ್ರವನ್ನು ಕಲಿತದ್ದು ಹೀಗೆ ಸತ್ತ ಹಕ್ಕಿಗಳ ನಡುವೆ. ಹಕ್ಕಿಯನ್ನು ಕೊಲ್ಲುವುದು, ಸುಲಿಯುವುದು, ತುಂಬುವುದು ಅವರ ಮೊದಲ ಪಾಠವಾಗಿತ್ತು. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದಕ್ಕಿಂತ, ಎದುರಿಗಿಟ್ಟುಕೊಂಡು ವಿಚಾರ ಮಾಡುವುದೇ ನ್ಯಾಯವೆಂದು ನಮಗೆ ತೋರುತ್ತದೆ.

ಚರ್ಮ ಉಳಿಸುವ ವಿದ್ಯೆ

ಗೋಡೆಗೆ ನೇತುಹಾಕುವ ಹುಲಿಯ ತಲೆಗೂ ಪೆಟ್ಟಿಗೆಯಲ್ಲಿಡುವ ಹಕ್ಕಿಯ ಚರ್ಮಕ್ಕೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ನಮ್ಮ ಮೈಸೂರಿನಲ್ಲೇ ವ್ಯಾನ್ ಇಂಗೆನ್ ಎಂಬ ಹೆಸರಾಂತ ಕಾರ್ಖಾನೆಯಿತ್ತು. ಮಹಾರಾಜರು, ವೈಸ್‌ರಾಯರು, ಬಿಳಿಯ ಅಧಿಕಾರಿಗಳು ಬೇಟೆಯಾಡಿದ ಹುಲಿ ಚಿರತೆಗಳು ಅಲ್ಲಿ ಮತ್ತೆ ಹಲ್ಲು ಕಿರಿದು ನಿಲ್ಲುತ್ತಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಿಂದ ಅದರ ಕೊನೆಯವರೆಗೆ ನಡೆದ ಆ ಕಾರ್ಖಾನೆಯಲ್ಲಿ ಹುಲಿ ಚಿರತೆಗಳೇ ಸಾವಿರ ಸಾವಿರ ಸಂಖ್ಯೆಯಲ್ಲಿ ಸಿದ್ಧವಾದವು. ಅದು ಬೇಟೆಗಾರನ ಹೆಮ್ಮೆಗಾಗಿ ನಡೆದ ಕಸಬು. ಹಕ್ಕಿಶಾಸ್ತ್ರಜ್ಞನ ಚರ್ಮಕ್ಕೆ ಅಂಥ ಅಲಂಕಾರ ಬೇಡ. ಅದು ರೆಕ್ಕೆ ಮಡಚಿ ಅಂಗಾತ ಮಲಗಿರುತ್ತದೆ. ಅದರ ಬೆಲೆಯೆಲ್ಲ ಕಾಲಿನ ಚೀಟಿಯಲ್ಲಿದೆ.

ಕೆಲಸ ನಡೆಯುತ್ತಿದ್ದುದು ಹೀಗೆ: ಸಣ್ಣ ಹಕ್ಕಿಗೆ ಸಾಸಿವೆಗಿಂತ ಚಿಕ್ಕ ಗುಂಡುಗಳ ತೋಟೆ, ಮದ್ದೂ ಕಡಿಮೆ, ಪುಕ್ಕ ಹರಿಯಬಾರದು. ಹಕ್ಕಿ ಬಿದ್ದ ಕೂಡಲೇ ಗಂಟಲಿಗೂ ಗಾಯಕ್ಕೂ ಹತ್ತಿ ತುರುಕಿ, ಕಾಗದದ ಪೊಟ್ಟಣದೊಳಗೆ ತಲೆ ಕೆಳಗಾಗಿ ಇಳಿಸಬೇಕು. ಇಲ್ಲವಾದರೆ ರಕ್ತ ಪುಕ್ಕಕ್ಕೆ ಹತ್ತುತ್ತದೆ. ಕಣ್ಣು, ಕೊಕ್ಕು, ಕಾಲುಗಳ ಬಣ್ಣ ಸತ್ತ ಮೇಲೆ ಬೇಗ ಮಾಸುವುದರಿಂದ ಅವನ್ನು ಆಗಲೇ ಬರೆದಿಡಬೇಕು. ಬಿಸಿಲ ನಾಡಿನಲ್ಲಿ ಅದೇ ದಿನ ಸುಲಿಯಬೇಕು. ಎದೆಮೂಳೆ ಮುಗಿಯುವಲ್ಲಿಂದ ಕೆಳಗೆ ಒಂದೇ ಗೀರು. ಆ ಸೀಳಿನಿಂದಲೇ ಬೆರಳಿನಲ್ಲಿ ನಿಧಾನವಾಗಿ ಚರ್ಮ ಬಿಡಿಸುತ್ತ, ಅಂಗಿಯ ತೋಳನ್ನು ಒಳಹೊರಗು ಮಾಡುವಂತೆ ತಲೆಯವರೆಗೆ ಮಗುಚಬೇಕು. ಮೆದುಳು, ಕಣ್ಣು, ಮಾಂಸ ತೆಗೆದು ಒಳಬದಿಗೆ ಪಾಷಾಣ ಬೆರೆತ ಸಾಬೂನು ಸವರಬೇಕು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಬೆಕೂರ್ ಎಂಬ ಔಷಧ ತಯಾರಕ ಕಂಡುಹಿಡಿದ ಈ ಸಾಬೂನಿನಿಂದಲೇ ಹುಳು ತಿನ್ನದೆ ಚರ್ಮಗಳು ನೂರಾರು ವರ್ಷ ಉಳಿದಿವೆ. ಸುಲಿಯುವವನ ಕೈಗೆ ಅದು ವಿಷವೇ. ಆಮೇಲೆ ಕಡ್ಡಿಗೆ ಸುತ್ತಿದ ಹತ್ತಿಯ ಒಡಲು, ನಾಲ್ಕು ಹೊಲಿಗೆ. ಸುಲಿದ ದೇಹವನ್ನು ಬಿಚ್ಚಿ ಗಂಡೋ ಹೆಣ್ಣೋ ನೋಡಿ ಚೀಟಿಯಲ್ಲಿ ಬರೆಯಬೇಕು. ಊರು, ತಾರೀಕು, ಹಿಡಿದವರ ಹೆಸರೂ ಅದರಲ್ಲಿರಬೇಕು.

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಗಳಿಗೆ ಗುಂಡಿಗೆ ಸಾಯದೆ ಬಿದ್ದ ಹಕ್ಕಿಯದ್ದು. ಅದನ್ನು ಬೇಗ ಮುಗಿಸುವುದು ದಯೆಯೂ ಹೌದು, ಪುಕ್ಕ ಕೆಡದಿರಲು ಅಗತ್ಯವೂ ಹೌದು. ರೆಕ್ಕೆಗಳ ಕೆಳಗೆ ಎರಡು ಬೆರಳಿಟ್ಟು ಎದೆಯನ್ನು ಒತ್ತಿ ಹಿಡಿಯುವುದು ತಲೆಮಾರುಗಳಿಂದ ನಡೆದುಬಂದ ಕ್ರಮ. ಕ್ಷಣಗಳಲ್ಲಿ ಪ್ರಾಣ ಹೋಗುತ್ತದೆ, ನೋವಿಲ್ಲ ಎಂದು ಹಕ್ಕಿಶಾಸ್ತ್ರಜ್ಞರು ನಂಬಿದ್ದರು. ಆದರೆ ಅಮೆರಿಕದ ಪಶುವೈದ್ಯರ ಸಂಘ 2013ರ ತನ್ನ ಮಾರ್ಗಸೂಚಿಯಲ್ಲಿ, ಎಚ್ಚರವಿರುವ ಹಕ್ಕಿಯನ್ನು ಹೀಗೆ ಕೊಲ್ಲುವುದು ಒಪ್ಪತಕ್ಕದ್ದಲ್ಲ, ಮೊದಲು ಅರಿವಳಿಕೆ ಕೊಡಬೇಕು ಎಂದಿತು. ಹಕ್ಕಿಶಾಸ್ತ್ರಜ್ಞರಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ಕಾಡಿನಲ್ಲಿ ಔಷಧವೆಲ್ಲಿ, ತಡಮಾಡಿದರೆ ಹಕ್ಕಿಗೆ ಇನ್ನಷ್ಟು ನರಳಾಟವಲ್ಲವೇ ಎಂಬುದು ಅವರ ವಾದ. ಎರಡು ಕಡೆಯವರೂ ಮಾತಾಡುತ್ತಿರುವುದು ಹಕ್ಕಿಯ ನೋವಿನ ಬಗ್ಗೆಯೇ. ಕೆಲವೇ ಕ್ಷಣಗಳ ನೋವನ್ನು ಕುರಿತು ಇಷ್ಟು ಗಂಭೀರವಾಗಿ ಜಗಳವಾಡುವುದು ವಿಜ್ಞಾನಕ್ಕೆ ಅವಮಾನವಲ್ಲ, ಗೌರವ.

ಈ ಯೋಚನೆ ನಮಗೆ ಹೊಸತೂ ಅಲ್ಲ. ಪ್ರಾಣಿಯನ್ನು ಕೊಯ್ಯುವಾಗಲೂ ಒಳ್ಳೆಯ ರೀತಿಯಲ್ಲಿ ಕೊಯ್ಯಬೇಕು, ಚೂರಿ ಹರಿತವಾಗಿರಬೇಕು, ಅದಕ್ಕೆ ಹಿಂಸೆಯಾಗಬಾರದು ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಕಾರಣವಿಲ್ಲದೆ ಒಂದು ಗುಬ್ಬಿಯನ್ನು ಕೊಂದವನೂ ಅದರ ಲೆಕ್ಕ ಒಪ್ಪಿಸಬೇಕಾದೀತೆಂಬ ಎಚ್ಚರಿಕೆಯೂ ಹದೀಸ್‌ಗಳಲ್ಲಿದೆ. ಕೊಲ್ಲಲೇಬಾರದೆಂದು ಅದು ಹೇಳುವುದಿಲ್ಲ. ಕೊಂದದ್ದಕ್ಕೆ ಲೆಕ್ಕವಿದೆ ಎನ್ನುತ್ತದೆ. ಹಕ್ಕಿ ಚರ್ಮದ ಇತಿಹಾಸವನ್ನು ಈ ಲೆಕ್ಕದ ಕಣ್ಣಿನಿಂದಲೇ ನೋಡಬಹುದು.

ಜಹಾಂಗೀರನ ಪಟ್ಟಿ

ಲೆಕ್ಕವಿಡುವುದರಲ್ಲಿ ಮೊಘಲ್ ಚಕ್ರವರ್ತಿ ಜಹಾಂಗೀರನನ್ನು ಮೀರಿಸಿದವರು ಕಡಿಮೆ. ತಾನು ಬಾಲ್ಯದಿಂದ ಐವತ್ತರ ಹತ್ತಿರದವರೆಗೆ ಕೈಯಾರೆ ಬೇಟೆಯಾಡಿದ ಪ್ರಾಣಿಗಳು 17,167 ಎಂದೂ, ಅದರಲ್ಲಿ 13,964 ಹಕ್ಕಿಗಳೆಂದೂ ಆತ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಇದೇ ಮನುಷ್ಯ ಸಾರಸ್ ಕೊಕ್ಕರೆಯ ಜೋಡಿಯೊಂದನ್ನು ಸಾಕಿ, ಅವು ಮೊಟ್ಟೆಯಿಟ್ಟು ಕಾವು ಕೊಡುವ ರೀತಿಯನ್ನು ದಿನದಿನವೂ ಗಮನಿಸಿ ಬರೆದಿಟ್ಟ. ಗೋವೆಯಿಂದ ಬಂದ ಟರ್ಕಿ ಕೋಳಿಯನ್ನು 1612ರಲ್ಲಿ ಆಸ್ಥಾನದ ಕಲಾವಿದ ಉಸ್ತಾದ್ ಮನ್ಸೂರನಿಂದ ಚಿತ್ರಿಸಿಸಿದ. ಕೇಳಿದವರಿಗಿಂತ ನೋಡಿದವರ ಬೆರಗು ಹೆಚ್ಚಿರಲಿ ಎಂಬುದು ಅವನ ಆಶಯ. ಭೂಮಿಯಿಂದ ಕಣ್ಮರೆಯಾದ ಡೋಡೋ ಹಕ್ಕಿಯ ಬಣ್ಣದ ಚಿತ್ರಗಳಲ್ಲಿ ತೀರ ನಂಬಿಕೆಗೆ ಅರ್ಹವಾದವುಗಳಲ್ಲಿ ಒಂದು ಮನ್ಸೂರನದೆಂದು ಹೇಳಲಾಗುವ ಚಿತ್ರವೇ ಆಗಿದೆ. ಚರ್ಮ ಕೆಡದಂತೆ ಉಳಿಸುವ ವಿದ್ಯೆ ಪಕ್ವವಾಗುವ ಮೊದಲು ಕುಂಚವೇ ಹಕ್ಕಿಯನ್ನು ಉಳಿಸಿತು.

ಸಲೀಂ ಅಲಿಯವರಿಗೆ ಈ ವಿಷಯದಲ್ಲಿ ಆಸಕ್ತಿಯಿತ್ತು. ಮೊಘಲ್ ದೊರೆಗಳು ಪ್ರಕೃತಿ ವೀಕ್ಷಕರಾಗಿಯೂ ಬೇಟೆಗಾರರಾಗಿಯೂ ಹೇಗಿದ್ದರೆಂದು 1920ರ ದಶಕದಲ್ಲೇ ಸೊಸೈಟಿಯ ಪತ್ರಿಕೆಯಲ್ಲಿ ಲೇಖನಮಾಲೆ ಬರೆದರು. ಒಂದೇ ಎದೆಯಲ್ಲಿ ಕೊಲ್ಲುವ ಹಂಬಲವೂ ತಿಳಿಯುವ ಹಂಬಲವೂ ಕೂಡಿರುವ ವಿಚಿತ್ರ ಅವರಿಗೆ ಅಪರಿಚಿತವಾಗಿರಲಿಲ್ಲ.

ಕೈಗಳಿದ್ದವು, ಹೆಸರಿರಲಿಲ್ಲ

ಯುರೋಪಿನ ವಿಜ್ಞಾನಿಗಳು ಹಕ್ಕಿ ಚರ್ಮಗಳ ರಾಶಿ ಹಾಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆ ಚರ್ಮಗಳನ್ನು ಸುಲಿದ ಕೈಗಳು ಯಾರವು? ಚಾರ್ಲ್ಸ್ ಡಾರ್ವಿನ್‌ಗೆ 1826ರಲ್ಲಿ ಎಡಿನ್‌ಬರೋದಲ್ಲಿ ಹಕ್ಕಿ ತುಂಬುವ ಪಾಠ ಹೇಳಿದವನು ಜಾನ್ ಎಡ್ಮಂಡ್‌ಸ್ಟನ್. ಗಯಾನಾದ ತೋಟಗಳಲ್ಲಿ ಗುಲಾಮನಾಗಿದ್ದು ಬಿಡುಗಡೆ ಹೊಂದಿದ ಕರಿಯ. ಅವನಿಂದ ಕಲಿತ ವಿದ್ಯೆ ಇಲ್ಲದಿದ್ದರೆ ಗಲಪಗೋಸ್ ದ್ವೀಪಗಳ ಹಕ್ಕಿಗಳು ಇಂಗ್ಲೆಂಡಿಗೆ ಕೊಳೆಯದೆ ತಲುಪುತ್ತಿರಲಿಲ್ಲ.

ಡಾರ್ವಿನ್ ಜೊತೆಜೊತೆಗೇ ವಿಕಾಸದ ಸೂತ್ರವನ್ನು ಕಂಡ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್‌ನ ಕಥೆ ಇನ್ನೂ ಮನಮುಟ್ಟುವಂಥದು. ಮಲಯ ದ್ವೀಪಗಳಲ್ಲಿ ಎಂಟು ವರ್ಷ ಅಲೆದು ಆತ 1,25,660 ಮಾದರಿಗಳನ್ನು ಕೂಡಿಸಿದ. ಅವುಗಳಲ್ಲಿ ಹಕ್ಕಿಗಳೇ 8,050. 1855ರಲ್ಲಿ ಸರವಾಕ್‌ನಲ್ಲಿ ಅವನು ಅಲಿ ಎಂಬ ಮಲಯ ಹುಡುಗನನ್ನು ಕೆಲಸಕ್ಕೆ ಸೇರಿಸಿಕೊಂಡ. ಅಡುಗೆ ಮಾಡುತ್ತಿದ್ದ ಹುಡುಗ ಕೋವಿ ಹಿಡಿಯಲು ಕಲಿತ, ಸುಲಿಯಲು ಕಲಿತ, ಸಣ್ಣ ದೋಣಿಯನ್ನು ಬಿರುಗಾಳಿಯಲ್ಲಿ ನಡೆಸಿದ, ಯಜಮಾನ ಜ್ವರದಿಂದ ಮಲಗಿದಾಗ ಆರೈಕೆ ಮಾಡಿದ. 1858ರ ಅಕ್ಟೋಬರಿನಲ್ಲಿ ಬಾಚನ್ ದ್ವೀಪದ ಕಾಡಿನಿಂದ ಒಂದು ಸಂಜೆ ಅವನು ಸೊಂಟಕ್ಕೆ ಹಕ್ಕಿಗಳನ್ನು ಕಟ್ಟಿಕೊಂಡು ಬಂದ. ಅದರಲ್ಲೊಂದರ ಎದೆ ಹೊಳೆಯುವ ಹಸಿರು, ಎರಡೂ ಭುಜಗಳಿಂದ ಎರಡೆರಡು ಉದ್ದನೆಯ ಬಿಳಿ ಗರಿಗಳು. ಯುರೋಪಿನ ಯಾವ ವಿಜ್ಞಾನಿಯೂ ಅದುವರೆಗೆ ಕಾಣದಿದ್ದ ಸ್ವರ್ಗದ ಹಕ್ಕಿ. ಮರುವರ್ಷ ಲಂಡನ್ನಿನಲ್ಲಿ ಅದಕ್ಕೆ ವ್ಯಾಲೇಸ್‌ನ ಹೆಸರಿಡಲಾಯಿತು. ಅಲಿಯ ಹೆಸರು ಅದರಲ್ಲಿಲ್ಲ.

ವ್ಯಾಲೇಸ್ ಕೃತಘ್ನನಾಗಿರಲಿಲ್ಲ. 1862ರಲ್ಲಿ ಸಿಂಗಾಪುರದಲ್ಲಿ ಬೀಳ್ಕೊಡುವಾಗ ಹಣ, ಎರಡು ಜೋಡುನಳಿಗೆಯ ಕೋವಿ ಕೊಟ್ಟ. ಅವನ ಫೋಟೋ ತೆಗೆಸಿಕೊಂಡ. ಮುದಿವಯಸ್ಸಿನಲ್ಲಿ ಬರೆದ ಆತ್ಮಕಥೆಯಲ್ಲಿ ಅದನ್ನು ಅಚ್ಚು ಹಾಕಿಸಿದ. ಆ ಎಂಟು ಸಾವಿರ ಹಕ್ಕಿಗಳಲ್ಲಿ ಬಹುಪಾಲು ಅಲಿಯದೇ ಸಂಗ್ರಹವೆಂದು 2015ರಲ್ಲಿ ಇಬ್ಬರು ಇತಿಹಾಸಕಾರರು ಲೆಕ್ಕ ಹಾಕಿದರು. 1907ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಥಾಮಸ್ ಬಾರ್ಬರ್ ಟರ್ನಾಟೆ ದ್ವೀಪಕ್ಕೆ ಹೋದಾಗ ಸುಕ್ಕುಗಟ್ಟಿದ ಮುದುಕನೊಬ್ಬ ಎದುರಿಗೆ ನಿಂತು ತಾನು ಅಲಿ ವ್ಯಾಲೇಸ್ ಎಂದು ಪರಿಚಯಿಸಿಕೊಂಡನಂತೆ. ಹಕ್ಕಿಗೆ ತನ್ನ ಹೆಸರು ಬರಲಿಲ್ಲವೆಂದು ಕೊರಗದೆ, ತನ್ನ ಹೆಸರಿಗೇ ಯಜಮಾನನ ಹೆಸರನ್ನು ಸೇರಿಸಿಕೊಂಡಿದ್ದ ಆ ವೃದ್ಧನನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಹಕ್ಕಿಗೆ ಮಾತ್ರವಲ್ಲ, ಸುಲಿದ ಕೈಗೂ ಲೆಕ್ಕ ಸಲ್ಲಬೇಕಾಗಿತ್ತು.

ಮೈಸೂರಿಗೆ ಬಂದ ಸಲೀಂ ಅಲಿ

ಈ ಹಿನ್ನೆಲೆಯಲ್ಲಿ ಸಲೀಂ ಅಲಿ ಎಂಬ ಭಾರತೀಯ ಸ್ವತಃ ಚೀಟಿ ಬರೆಯುವವನಾದುದು ಸಣ್ಣ ಸಂಗತಿಯಲ್ಲ. ಸೊಸೈಟಿಯಲ್ಲಿ ಕಲಿತ ವಿದ್ಯೆ, ಬರ್ಮಾದಲ್ಲಿ ಕಳೆದ ವರ್ಷಗಳು, ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಗೈಡ್ ಉಪನ್ಯಾಸಕನ ಕೆಲಸ, ಆನಂತರ 1929-30ರಲ್ಲಿ ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ತರಬೇತಿ. ಮರಳಿ ಬಂದಾಗ ಕೆಲಸವಿರಲಿಲ್ಲ. ಆಗ ಅವರು ಹೂಡಿದ ಯೋಜನೆ ಸರಳವಾಗಿತ್ತು: ಹಕ್ಕಿಗಳ ಸಮೀಕ್ಷೆ ಆಗದೆ ಉಳಿದ ದೇಶೀಯ ಸಂಸ್ಥಾನಗಳಲ್ಲಿ ತಾನು ಸಮೀಕ್ಷೆ ಮಾಡುವುದು, ಶಿಬಿರದ ಖರ್ಚನ್ನು ಸಂಸ್ಥಾನ ಕೊಡುವುದು, ತನಗೆ ಸಂಬಳ ಬೇಡ. 1931-32ರಲ್ಲಿ ಹೈದರಾಬಾದ್, 1933ರಲ್ಲಿ ತಿರುವಾಂಕೂರು-ಕೊಚ್ಚಿ. ಪತ್ನಿ ತೆಹಮಿನಾ ಕಾಡು ಮೇಡುಗಳಲ್ಲಿ ಜೊತೆಗಿದ್ದು ಶಿಬಿರದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದರು.

1939ರಲ್ಲಿ ಚಿಕ್ಕದೊಂದು ಶಸ್ತ್ರಚಿಕಿತ್ಸೆಯ ನಂತರ ತೆಹಮಿನಾ ತೀರಿಕೊಂಡರು. ಅದೇ ವರ್ಷದ ಕೊನೆಗೆ ಸಲೀಂ ಅಲಿ ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು. 1939-40ರ ಆ ಚಳಿಗಾಲದಲ್ಲಿ ಬಯಲುಸೀಮೆಯಿಂದ ಮಲೆನಾಡಿನ ಮಳೆಕಾಡಿನವರೆಗೆ ತಿರುಗಿ, ಹಕ್ಕಿಗಳನ್ನು ನೋಡಿದರು, ಕೂಡಿಸಿದರು, ಟಿಪ್ಪಣಿ ಮಾಡಿದರು. ಹ್ಯೂ ವಿಸ್ಲರ್ ಅವರ ವಿವರಣೆಗಳೊಂದಿಗೆ ‘ಮೈಸೂರಿನ ಹಕ್ಕಿಗಳು’ ಎಂಬ ವರದಿ 1942-43ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ನಮ್ಮ ನಾಡಿನ ಹಕ್ಕಿಗಳ ಬಗ್ಗೆ ಇಂದು ಯಾರೇ ಗಂಭೀರವಾಗಿ ಬರೆಯಲಿ, ಅದನ್ನು ನೋಡದೆ ಮುಂದೆ ಹೋಗುವುದು ಕಷ್ಟ. ಎಂಬತ್ತು ವರ್ಷಗಳ ಹಿಂದೆ ಯಾವ ಕಾಡಿನಲ್ಲಿ ಯಾವ ಹಕ್ಕಿಯಿತ್ತು ಎಂಬುದಕ್ಕೆ ಆ ಚರ್ಮಗಳೇ ಸಾಕ್ಷಿ.

ತಮ್ಮ ಈ ಕೆಲಸದ ಬಗ್ಗೆ ಅವರಿಗೆ ನಾಚಿಕೆಯಿರಲಿಲ್ಲ, ಸುಳ್ಳು ಸಮಾಧಾನವೂ ಇರಲಿಲ್ಲ. ವೃಥಾ ಕೊಲ್ಲುವುದನ್ನು ಅವರು ಕಟುವಾಗಿ ಖಂಡಿಸುತ್ತಿದ್ದರು. ಆದರೆ ಮಾದರಿಗಳಿಲ್ಲದೆ ಹಕ್ಕಿಗಳ ವರ್ಗೀಕರಣ ಸಾಧ್ಯವಾಗುತ್ತಿರಲಿಲ್ಲ ಎಂದು 1985ರ ಆತ್ಮಕಥೆಯಲ್ಲಿ ನೇರವಾಗಿ ಒಪ್ಪಿಕೊಂಡರು. ಆ ಪುಸ್ತಕಕ್ಕೆ ಅವರಿಟ್ಟ ಹೆಸರಿನಲ್ಲೇ ಬಿದ್ದ ಗುಬ್ಬಿಯೊಂದಿದೆ.

ಹೋಲಿಕೆಗೆ ಒಂದು ಅಂಕಿ ನೋಡಬಹುದು. 1938ರ ನವೆಂಬರಿನಲ್ಲಿ ಭರತಪುರದ ಕೆರೆಯಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಗೌರವಾರ್ಥ ನಡೆದ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ಸತ್ತವು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಮುಂಬಯಿಯ ಸೊಸೈಟಿ ಕೂಡಿಸಿದ ಹಕ್ಕಿ ಚರ್ಮಗಳು ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ ಇವೆ. ಅಂಥ ಆರೇಳು ದಿನಗಳ ಮೋಜಿನ ಬೇಟೆ ಒಂದು ಶತಮಾನದ ವಿಜ್ಞಾನಕ್ಕೆ ಸಮ. ಭರತಪುರದ ಹಕ್ಕಿಗಳ ಹೆಸರು, ಊರು, ಲಿಂಗ ಬರೆದಿಟ್ಟವರಿಲ್ಲ. ಅದೇ ಕೆರೆ ಆಮೇಲೆ ಪಕ್ಷಿಧಾಮವಾಗಿ ಉಳಿಯಲು ಸಲೀಂ ಅಲಿ ಪಟ್ಟ ಶ್ರಮವನ್ನು ದೇಶ ಬಲ್ಲದು.

ಸುಳ್ಳು ಚೀಟಿ

ಕೊಂದ ಹಕ್ಕಿಗೆ ನಾವು ತೀರಿಸಬೇಕಾದ ಋಣವೆಂದರೆ ಚೀಟಿಯಲ್ಲಿ ಸತ್ಯ ಬರೆಯುವುದು. ಅದಕ್ಕೂ ದ್ರೋಹ ಬಗೆದವರಿದ್ದಾರೆ. ಬ್ರಿಟಿಷ್ ಸೇನಾಧಿಕಾರಿ, ಹೆಸರಾಂತ ಹಕ್ಕಿಶಾಸ್ತ್ರಜ್ಞ ರಿಚರ್ಡ್ ಮೈನರ್ಟ್‌ಜ್‌ಹಾಗನ್ ಅವರಲ್ಲೊಬ್ಬ. 1937ರಲ್ಲಿ ಸಲೀಂ ಅಲಿ ಅವನೊಡನೆ ಅಫ್ಘಾನಿಸ್ತಾನಕ್ಕೆ ಹೋಗಿದ್ದುಂಟು. ವಸ್ತುಸಂಗ್ರಹಾಲಯಗಳಿಂದ ಚರ್ಮ ಕದ್ದು, ಹಳೆಯ ಚೀಟಿ ಕಿತ್ತು, ತಾನೇ ಬೇರೆ ಊರಿನಲ್ಲಿ ಹಿಡಿದೆನೆಂದು ಬರೆಯುವ ಚಾಳಿ ಅವನಿಗಿತ್ತೆಂಬುದು ಅವನ ಸಾವಿನ ಎಷ್ಟೋ ವರ್ಷಗಳ ನಂತರ ಬಯಲಾಯಿತು.

ಇದರಿಂದ ಪೆಟ್ಟು ತಿಂದದ್ದು ನಮ್ಮ ದೇಶದ ಒಂದು ಪುಟ್ಟ ಗೂಬೆ, ಫಾರೆಸ್ಟ್ ಔಲೆಟ್. ಇಡೀ ಜಗತ್ತಿನಲ್ಲಿ ಅದರ ಏಳೇ ಚರ್ಮಗಳಿದ್ದವು. ಕೊನೆಯದನ್ನು 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಹಿಡಿದೆನೆಂದು ಮೈನರ್ಟ್‌ಜ್‌ಹಾಗನ್ ಬರೆದಿದ್ದ. ಅದನ್ನು ನಂಬಿ ಅಲ್ಲಿ ಹುಡುಕಿದವರು ಬರಿಗೈಯಲ್ಲಿ ಮರಳಿದರು. ಅಮೆರಿಕದ ಪಮೇಲಾ ರಸ್ಮುಸೆನ್ ಆ ಚರ್ಮವನ್ನು ಬಿಚ್ಚಿ ನೋಡಿದರು. ಹೊರಗೆ ಹೊಸ ಹೊಲಿಗೆ, ಒಳಗೆ ಹಳೆಯ ಕೈಯ ಗುರುತು. 1880ರ ದಶಕದಲ್ಲಿ ಖಾನ್ದೇಶದಲ್ಲಿ ಜೇಮ್ಸ್ ಡೇವಿಡ್ಸನ್ ಸಿದ್ಧಪಡಿಸಿದ ಹಕ್ಕಿ ಅದು. ಸುಲಿಯುವ ಪ್ರತಿಯೊಬ್ಬನಿಗೂ ಕೈಬರಹದಂತೆ ತನ್ನದೇ ರೀತಿಯಿರುತ್ತದೆ, ಅದನ್ನು ಕದಿಯಲಾಗುವುದಿಲ್ಲ. ಸುಳ್ಳು ಊರನ್ನು ಪಟ್ಟಿಯಿಂದ ತೆಗೆದು, ಸತ್ಯವಾದ ಊರುಗಳಲ್ಲಿ ಹುಡುಕಿದಾಗ 1997ರ ನವೆಂಬರಿನಲ್ಲಿ, ಅಂದರೆ 1884ರ ನಿಜವಾದ ಕೊನೆಯ ದಾಖಲೆಯ 113 ವರ್ಷಗಳ ಬಳಿಕ, ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ ಗೂಬೆ ಜೀವಂತವಾಗಿ ಸಿಕ್ಕಿತು. ಸತ್ತ ಹಕ್ಕಿಯ ಸತ್ಯ ಬದುಕಿರುವ ಹಕ್ಕಿಯ ಮನೆಗೆ ದಾರಿ ತೋರಿಸಿತು.

ಹಳೆಯ ಚರ್ಮಗಳು ಕೊಂದವರು ಊಹಿಸದ ಸಾಕ್ಷ್ಯಗಳನ್ನೂ ನುಡಿದಿವೆ. ಸ್ವೀಡನ್ನಿನ ಹಳೆಯ ಗರಿಗಳನ್ನು 1960ರ ದಶಕದಲ್ಲಿ ಪರೀಕ್ಷಿಸಿದಾಗ, ಬಿತ್ತನೆ ಬೀಜಕ್ಕೆ ಹಚ್ಚಿದ ಪಾದರಸದ ವಿಷ ಯಾವ ಕಾಲದಿಂದ ಹಕ್ಕಿಗಳ ಮೈ ಸೇರಿತೆಂಬುದು ಗೊತ್ತಾಯಿತು. ಅಮೆರಿಕದ ಕಾರ್ಖಾನೆ ನಗರಗಳ ಸುತ್ತಲಿನ ಸಾವಿರಕ್ಕೂ ಹೆಚ್ಚು ಹಕ್ಕಿ ಚರ್ಮಗಳಿಗೆ ಅಂಟಿದ ಮಸಿಯನ್ನು ಅಳೆದು, 135 ವರ್ಷಗಳ ಗಾಳಿಯ ಕೊಳಕಿನ ಚರಿತ್ರೆಯನ್ನು 2017ರಲ್ಲಿ ಬರೆಯಲಾಯಿತು.

ಕೋವಿಯಿಂದ ಉಂಗುರಕ್ಕೆ

ಜರ್ಮನಿಯ ಹೆಲಿಗೋಲ್ಯಾಂಡ್ ದ್ವೀಪದಲ್ಲಿ ಸಲೀಂ ಅಲಿ ಇನ್ನೊಂದು ವಿದ್ಯೆಯನ್ನೂ ನೋಡಿ ಬಂದಿದ್ದರು. ಹಕ್ಕಿಯನ್ನು ಬಲೆಯಲ್ಲಿ ಹಿಡಿದು ಕಾಲಿಗೆ ಹಗುರ ಉಂಗುರ ತೊಡಿಸಿ ಹಾರಿಬಿಡುವುದು. 1930ರಲ್ಲಿ ಕಿಹೀಂ ಎಂಬ ಕಡಲತೀರದ ಹಳ್ಳಿಯಲ್ಲಿ ಗೀಜಗನ ಗೂಡುಗಳ ಎದುರು ಏಣಿಯ ಮೇಲೆ ಗಂಟೆಗಟ್ಟಲೆ ಕುಳಿತು, ಗಂಡು ಗೀಜಗ ಗೂಡು ಅರ್ಧ ಕಟ್ಟಿ ಹೆಣ್ಣನ್ನು ಒಲಿಸುವ ಕ್ರಮವನ್ನು ಅವರು ಕಂಡುಕೊಂಡರು. ಅದಕ್ಕೆ ಬೇಕಾದದ್ದು ತಾಳ್ಮೆ, ನೋಟ್ ಪುಸ್ತಕ ಮಾತ್ರ.

ಉಂಗುರದ ಕೆಲಸ ದೊಡ್ಡದಾಗಿ ಶುರುವಾದುದಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆ ನೆಪವಾಯಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಹಿಂದೆಯೇ ಜನರೂ ಸತ್ತರು. ನಾವಿಂದು ಮಂಗನ ಕಾಯಿಲೆ ಎನ್ನುವ ಈ ರೋಗದ ವೈರಸ್ ರಷ್ಯಾದ ಉಣ್ಣೆಜ್ವರದ ವೈರಸ್‌ಗೆ ಹತ್ತಿರದ್ದಾಗಿ ಕಂಡಿತು. ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ವಲಸೆ ಹಕ್ಕಿಗಳ ಅಧ್ಯಯನ ಆರಂಭವಾಯಿತು. ಆ ಶಂಕೆ ಸಾಬೀತಾಗಲಿಲ್ಲ. ಆದರೆ ಸಾವಿರಾರು ಹಕ್ಕಿಗಳು ಸೊಸೈಟಿಯ ಉಂಗುರ ತೊಟ್ಟು ಜೀವಂತವಾಗಿ ಹಾರಿಹೋದವು. ಸತ್ತ ಹಕ್ಕಿಯ ಕಾಲಿನ ಚೀಟಿಯ ಜಾಗಕ್ಕೆ ಬದುಕಿರುವ ಹಕ್ಕಿಯ ಕಾಲಿನ ಉಂಗುರ ಬಂತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಅನುಮತಿಯಿಲ್ಲದೆ ಕಾಡಿನ ಹಕ್ಕಿಯನ್ನು ಮುಟ್ಟುವಂತಿಲ್ಲ. 2009ರಲ್ಲಿ ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಆರಂಭವಾದ ಟ್ಯಾಕ್ಸಿಡರ್ಮಿ ಕೇಂದ್ರವು ತಾವಾಗಿ ಸತ್ತ ಪ್ರಾಣಿಪಕ್ಷಿಗಳನ್ನು ಶಿಕ್ಷಣಕ್ಕಾಗಿ ಸಿದ್ಧಪಡಿಸುತ್ತ ಬಂದಿದೆ. ಸುಲಿಯುವ ವಿದ್ಯೆ ಹಾಗೆಯೇ ಇದೆ, ಕೊಲ್ಲುವ ಹಂತ ಮಾತ್ರ ಕಳಚಿಕೊಂಡಿದೆ. ಇದು ಒಳ್ಳೆಯ ಬೆಳವಣಿಗೆ.

ಆದರೂ ಇಂದಿನ ನಾವು ಹಿಂದಿನವರಿಗಿಂತ ದಯಾವಂತರೆಂದು ಬೀಗಲು ಕಾರಣವಿಲ್ಲ. ಕೆರೆ ಮುಚ್ಚುವಾಗ, ಗದ್ದೆಗೆ ವಿಷ ಹೊಡೆಯುವಾಗ, ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧದಿಂದ ರಣಹದ್ದುಗಳ ಸಂತಾನವೇ ಅಳಿವಿನಂಚಿಗೆ ಬಂದಾಗ ನಾವು ಯಾರೂ ಕೋವಿ ಹಿಡಿದಿರಲಿಲ್ಲ. ಆ ಹಕ್ಕಿಗಳ ಕಾಲಿಗೆ ಚೀಟಿ ಕಟ್ಟಿದವರೂ ಇಲ್ಲ. ಸಲೀಂ ಅಲಿ ತಾನು ಕೊಂದ ಪ್ರತಿ ಹಕ್ಕಿಗೂ ಊರು, ತಾರೀಕು ಬರೆದಿಟ್ಟು 1987ರಲ್ಲಿ ಹೋದರು. ನೋಡದೆಯೇ ಕೊಲ್ಲುವ ನಮ್ಮ ಲೆಕ್ಕವನ್ನು ಯಾರು ಬರೆದಿಡುತ್ತಿದ್ದಾರೆ? ಹಳದಿ ಕತ್ತಿನ ಗುಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು, ಇದು ನನಗೆ ಸಲ್ಲುತ್ತದೆಯೇ ಎಂದು ತಡೆದು ನಿಂತ ಆ ಹುಡುಗನ ಅನುಮಾನ ನಮಗೂ ಬರಬೇಕಾಗಿದೆ.